ಮಣ್ಣು ಫೇಲಾಗಲೇಬೇಕು

ಬೆಳಿಗ್ಗೆ ಆರೂವರೆಗೆ ಕನ್ನಡಕದಣ್ಣ ಹಿತ್ತಲಿಗೆ ಹೋಗಿ ನೋಡಿದರೆ ಅವನ ಹನ್ನೊಂದನೆಯ ಬದನೆ ಗಿಡ ತಲೆ ಜೋತುಬಿಟ್ಟು ನಿಂತಿತ್ತು. ಉಳಿದ ಹತ್ತು ಆಗಲೇ ಮುಂದೆ ಹೋಗಿ ದಾರಿ ತೋರಿಸಿದ್ದವು.

ಬೀದಿ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಕ್ಕೆ ಅವನಿಗೆ ಆ ಹೆಸರು. ಊರಿನ ಅರ್ಧ ಜನಕ್ಕೆ ಕಣ್ಣು ಕಾಣಿಸುವಂತೆ ಮಾಡಿದ ಪುಣ್ಯಾತ್ಮ. ಆದರೆ ಹಿತ್ತಲಿನ ಹತ್ತಡಿ ಹನ್ನೆರಡಡಿ ತುಂಡು ನೆಲದಲ್ಲಿ ಒಂದು ಕಾಯಿ ಕಾಣಿಸುವಂತೆ ಮಾಡಲು ಅವನ ಕೈಲಿ ಆಗಿರಲಿಲ್ಲ. ನೆಟ್ಟಿದ್ದೆಲ್ಲ ಅಕ್ಷರಶಃ ಮಣ್ಣುಪಾಲು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇದೂ ಹೋಯ್ತಾ?"

"ಹೋಗಿಲ್ಲ ಕಣೆ. ಸ್ವಲ್ಪ ಸುಸ್ತಾಗಿದೆ."

"ಸುಸ್ತಾದೋರು ಮಲಗಿ ಏಳ್ತಾರೆ ರೀ. ಇದು ಏಳೋ ಜಾತಿಯಲ್ಲ. ನಾಳೆ ಬೆಳಿಗ್ಗೆ ಮೇಸ್ತ್ರಿನ ಬರೋಕೆ ಹೇಳಿದೀನಿ. ಸಿಮೆಂಟ್ ಹಾಕಿಸಿಬಿಡೋಣ, ಬಟ್ಟೆ ಒಣಗಿಸೋಕಾದ್ರೂ ಆಗತ್ತೆ."

ಕನ್ನಡಕದಣ್ಣ ಗಿಡದ ಜೋತ ತಲೆಯನ್ನು ಕೈಯಿಂದ ಎತ್ತಿ ಹಿಡಿದ. ದಿನವಿಡೀ ಕಂಡವರ ಕಣ್ಣಲ್ಲಿ ಕಣ್ಣಿಟ್ಟು ಕೂರುವವನಿಗೆ, ಸಂಜೆ ತನ್ನ ಕಣ್ಣು ತಂಪು ಮಾಡಿಕೊಳ್ಳಲು ಇದ್ದದ್ದು ಅದೊಂದೇ ಜಾಗ. ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ, ನಿಜ. ಆದರೆ ನಾಳೆ ಬೆಳೆಯಬಹುದು ಅನ್ನುವುದು ದಿನಾ ಬೆಳೆಯುತ್ತಿತ್ತು.

"ತಪ್ಪು ನಂದಲ್ಲ. ಮಣ್ಣಿಗೇ ಏನೋ ಕಾಯಿಲೆ."

"ಬೀದಿಯೋರೆಲ್ಲ ನಿಮ್ಮ ಕೈಗುಣ ಸರಿಯಿಲ್ಲ ಅಂತಾರೆ."

"ಬೀದಿಯೋರು ನೂರು ಹೇಳ್ತಾರೆ. ಇವತ್ತು ಮೈದಾನದ ಹತ್ರ ಮಣ್ಣು ಪರೀಕ್ಷೆ ವ್ಯಾನ್ ಬಂದಿದೆ. ಹನ್ನೊಂದರೊಳಗೆ ಮಣ್ಣು ಕೊಟ್ರೆ ನಾಲ್ಕಕ್ಕೆ ರಿಪೋರ್ಟು. ನಂಬರ್ ಹಾಕಿ ಕೊಡ್ತಾರೆ. ನಂಬರ್ ನೋಡಿದ್ಮೇಲಾದ್ರೂ ನಂಬ್ತೀಯೋ ಇಲ್ವೋ?"

ಹೆಂಡತಿ ನ್ಯಾಯವಂತೆ. ಸ್ವಲ್ಪ ಯೋಚಿಸಿದಳು. "ಸರಿ. ಮಣ್ಣು ಕೆಟ್ಟಿದೆ ಅಂತ ಬರೆದುಕೊಟ್ರೆ ನಿಮಗೆ ಒಂದು ವರ್ಷ ಟೈಮು. ಔಷಧಿನೋ ಪಥ್ಯನೋ, ಏನು ಬೇಕಾದ್ರೂ ಮಾಡ್ಕೊಳ್ಳಿ. ಚೆನ್ನಾಗಿದೆ ಅಂತ ಬಂತೋ, ಮಾತಿಲ್ಲ ಕತೆಯಿಲ್ಲ, ಮೇಸ್ತ್ರಿ."

ಹೀಗೆ, ತನ್ನ ಮಣ್ಣು ದಯವಿಟ್ಟು ಫೇಲಾಗಲಿ ಎಂದು ಬೇಡಿಕೊಳ್ಳುತ್ತ ಒಬ್ಬ ಮನುಷ್ಯ ಗುದ್ದಲಿ ಹಿಡಿದ.

ವ್ಯಾನಿನವರು ಹಂಚಿದ್ದ ಚೀಟಿಯಲ್ಲಿ ಎಲ್ಲ ಬರೆದಿತ್ತು. ಐದು ಕಡೆ ಅಂಕುಡೊಂಕಾಗಿ ಅಗೆಯಬೇಕು. ಒಂದು ಗೇಣು ಆಳ ಹೋಗಬೇಕು. ಕಲ್ಲು, ಬೇರು ಆರಿಸಿ, ಕಲಸಿ, ನೆರಳಲ್ಲಿ ಹರಡಬೇಕು. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಎಸೆಯಬೇಕು. ಮಿಕ್ಕದ್ದು ಅರ್ಧ ಕೆಜಿಗೆ ಇಳಿಯುವ ತನಕ ಮತ್ತೆ ಅದೇ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗಲೂ ಇಷ್ಟು ಪ್ರಾಮಾಣಿಕವಾಗಿ ಗೆರೆ ಎಳೆದಿರಲಾರರು. ಮಣ್ಣನ್ನು ಮುಂದಿನ ಜಗಲಿಯ ಮೇಲೆ ಪೇಪರಿನಲ್ಲಿ ಹರಡಿ, ಅಂಗಡಿಯ ಬಾಗಿಲು ತೆಗೆದು ಬರಲು ಹೋದ.

ಮುಕ್ಕಾಲು ಗಂಟೆ ಬಿಟ್ಟು ಬಂದರೆ, ತೆಳ್ಳಗೆ ಬೂದು ಬಣ್ಣಕ್ಕಿದ್ದ ಮಣ್ಣು ಕಪ್ಪಗೆ, ದುಂಡಗೆ, ಮಾವನ ಮನೆಯಲ್ಲಿ ತಿಂಗಳಿದ್ದು ಬಂದ ಅಳಿಯನ ಹಾಗಾಗಿತ್ತು. ಪಕ್ಕದಲ್ಲೇ ಬಲಮನೆಯ ನಿವೃತ್ತ ಮೇಷ್ಟ್ರು ಕಾವಲು ಕೂತಿದ್ದರು.

"ಏನಯ್ಯಾ, ಪರೀಕ್ಷೆಗೆ ಕಳಿಸೋ ಮಣ್ಣನ್ನ ಹೀಗಾ ಕಳಿಸೋದು? ಮುಖದಲ್ಲಿ ಕಳೆನೇ ಇರಲಿಲ್ಲ. ನಮ್ಮನೆ ಗುಂಡಿಯಿಂದ ಮೂರು ವರ್ಷದ ಕಾಂಪೋಸ್ಟ್ ಎರಡು ಬೊಗಸೆ ಬೆರೆಸಿದೀನಿ."

"ಮೇಷ್ಟ್ರೇ! ಅದು ಇದ್ದ ಹಾಗೇ ಹೋಗಬೇಕಿತ್ತು!"

"ಇದ್ದ ಹಾಗೇ ಹೋದ್ರೆ ಫೇಲೇ ಕಣಯ್ಯ. ನಲವತ್ತು ವರ್ಷ ಎಂಥೆಂಥ ಮಣ್ಣುತಲೆಗಳನ್ನ ಪಾಸ್ ಮಾಡಿಸಿದೀನಿ. ಇದು ಪಾಪ, ಬರೀ ಮಣ್ಣು. ಸಂಕೋಚ ಪಟ್ಕೋಬೇಡ."

ಫೇಲಾಗುವುದೇ ತನಗೆ ಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಹೆಂಡತಿ ಹಾಕಿದ ಷರತ್ತು ಹೇಳಬೇಕು, ಅದು ಬೀದಿಗೆ ಬೀಳುತ್ತದೆ. "ದೊಡ್ಡ ಉಪಕಾರ ಆಯ್ತು" ಎಂದು ಪೇಪರು ಮಡಚಿಕೊಂಡು ಒಳಗೆ ಹೋಗಿ, ಅಷ್ಟನ್ನೂ ಬಚ್ಚಲ ಪಕ್ಕ ಸುರಿದು, ಮತ್ತೆ ಐದು ಕಡೆ ಅಗೆದ. ಈ ಸಲ ಯಾರ ಕಣ್ಣಿಗೂ ಬೀಳದಿರಲಿ ಎಂದು ತಾರಸಿಗೆ ಒಯ್ದು ನೀರಿನ ಟ್ಯಾಂಕಿನ ನೆರಳಲ್ಲಿ ಹರಡಿದ. ಮೈಮೇಲಿನ ಮಣ್ಣು ತೊಳೆದುಕೊಳ್ಳಲು ಕೆಳಗಿಳಿದದ್ದು ಹತ್ತೇ ನಿಮಿಷ.

ತಾರಸಿಗೂ ತಾರಸಿಗೂ ನಡುವೆ ಮೊಣಕಾಲುದ್ದದ ಗೋಡೆ. ಎಡಮನೆಯ ನರ್ಸಕ್ಕ ಅದನ್ನು ದಾಟಿ, ಟ್ಯಾಂಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಏನನ್ನೋ ನಿಧಾನವಾಗಿ ಕಲಸುತ್ತಿದ್ದಳು.

"ಅಣ್ಣಾ, ಹೆದರ್ಕೋಬೇಡಿ. ಎರೆಗೊಬ್ಬರ ಒಂದು ಹಿಡಿ ಅಷ್ಟೇ. ಮೇಷ್ಟ್ರು ಹೇಳಿದ್ರು, ನಿಮ್ಮ ಮಣ್ಣಿನ ಸ್ಥಿತಿ ಸೀರಿಯಸ್ಸು ಅಂತ. ಪೇಷೆಂಟನ್ನ ದೊಡ್ಡ ಡಾಕ್ಟರ್ ಹತ್ರ ಕಳಿಸೋ ಮುಂಚೆ ನಾವು ಒಂದು ಡ್ರಿಪ್ ಹಾಕೇ ಕಳಿಸೋದು. ನೋಡಿ, ಎರಡು ಹುಳ ಕೂಡ ಬಿಟ್ಟಿದೀನಿ. ಜೀವಂತ ಇದೆ ಅನ್ಸತ್ತೆ."

"ನರ್ಸಕ್ಕ, ಯಾರು ಕೇಳಿದ್ರು ನಿಮ್ಮನ್ನ?"

"ಕೇಳೋ ತನಕ ಕಾಯೋಕೆ ನಾವೇನು ಹೊರಗಿನೋರಾ ಅಣ್ಣ?"

ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಕೆಳಗಿನಿಂದ ಮೇಷ್ಟ್ರ ದನಿ ಬಂತು: "ಏನಯ್ಯಾ, ಹಾಲ್ ಟಿಕೆಟ್ ಸಿಗಲಿಲ್ವಾ? ನಾನೂ ನನ್ನ ಮಣ್ಣು ತಗೊಂಡು ಹೊರಟಿದೀನಿ, ಬಾ!" ಮತ್ತೆ ಅಗೆಯಲು ಸಮಯವಿರಲಿಲ್ಲ. ಕನ್ನಡಕದಣ್ಣ ಎರಡೂ ಹುಳಗಳನ್ನು ಆರಿಸಿ ನರ್ಸಕ್ಕನಿಗೆ ವಾಪಸ್ ಕೊಟ್ಟು, ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಗೋಡೆಗೆ ಬಳಿದು ಮಿಕ್ಕ ಸುಣ್ಣದ ಪುಡಿಯ ಡಬ್ಬಿ ಕಂಡಿತು.

ಕೈಗೆ ತಾಗಿದರೆ ಚುರ್ ಅನ್ನುವ ವಸ್ತು. ಮಣ್ಣನ್ನು ಕೆಡಿಸದೆ ಬಿಟ್ಟೀತೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ. ಬೆಣ್ಣೆಯ ಪಾಲು ನರ್ಸಕ್ಕ ಹಾಕಿಯಾಗಿದೆ. ಸುಣ್ಣದ ಪಾಲು ಹಾಕಲು ಕಣ್ಣಿನ ವ್ಯಾಪಾರಿಗಿಂತ ಯೋಗ್ಯ ಯಾರು? ಜೀವನದಲ್ಲಿ ಒಂದು ಬಿಲ್ಲನ್ನೂ ತಿದ್ದದ ಮನುಷ್ಯ, ಆಚೀಚೆ ನೋಡಿ ಒಂದು ಚಿಟಿಕೆ ಹಾಕಿದ. ಧೈರ್ಯ ಮಾಡಿ ಇನ್ನೊಂದು ಹಾಕಿದ. ಒಂದು ಹಿಡಿಯನ್ನೇ ಹಾಕಬೇಕೆಂದು ಡಬ್ಬಿಯೊಳಗೆ ಕೈ ಬಿಡುವಷ್ಟರಲ್ಲಿ ಮೇಷ್ಟ್ರು ಬಾಗಿಲಿಗೇ ಬಂದರು. ಚೀಲ ಕುಲುಕಿ, ಗಂಟು ಕಟ್ಟಿ, ಹೊರಟುಬಿಟ್ಟ.

ನಾಲ್ಕು ಗಂಟೆಗೆ ವ್ಯಾನಿನ ಮುಂದೆ ಬೀದಿಯೇ ನೆರೆದಿತ್ತು. ಹೆಂಡತಿಯೂ ಬಂದಿದ್ದಳು. ಮಣ್ಣು ಪರೀಕ್ಷೆಯ ಮೇಡಂ ಕಾರ್ಡುಗಳನ್ನು ಹಿಡಿದು ಒಬ್ಬೊಬ್ಬರನ್ನೇ ಕರೆದರು.

"ಮೇಷ್ಟ್ರೇ, ನಿಮ್ಮ ಮಣ್ಣು ಹುಳಿ. ತುಂಬಾ ಹುಳಿ. ಬೇರಿಗೆ ಗೊಬ್ಬರ ದಕ್ಕೋದೇ ಇಲ್ಲ."

ಮೇಷ್ಟ್ರ ಮುಖ ಸಪ್ಪಗಾಯಿತು. "ಮರುಮೌಲ್ಯಮಾಪನ ಇದೆಯಾ ಮೇಡಂ?"

"ಇಲ್ಲ. ನರ್ಸಮ್ಮ, ನಿಮ್ಮದೂ ಹುಳಿ. ನಿಮ್ಮ ಸಾಲಿನ ಆರು ಮನೇಲಿ ಐದು ಮನೆ ಮಣ್ಣು ಹುಳಿ. ಅಲ್ಲಿ ಏನೂ ಮಾಡದೆ ಗಿಡ ನೆಟ್ರೆ ಬದುಕೋದೇ ಕಷ್ಟ. ನೆಟ್ಟೋರ ತಪ್ಪಲ್ಲ ಅದು."

ಕನ್ನಡಕದಣ್ಣನಿಗೆ ಕುಣಿಯಬೇಕೆನಿಸಿತು. ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಐದು ಅನ್ನುವ ಲೆಕ್ಕ ನಿಧಾನವಾಗಿ ತಲೆಗೆ ಇಳಿಯಿತು.

"ಆರನೇದು ಯಾರದು? ಕನ್ನಡಕದ ಅಂಗಡಿಯವರಾ? ಬನ್ನಿ ಸಾರ್, ಮುಂದೆ ಬನ್ನಿ! ಎಲ್ಲರೂ ನೋಡಿ ಇವರನ್ನ. ಹುಳಿ ಮಣ್ಣಿಗೆ ಸುಣ್ಣವೇ ಮದ್ದು. ಜಾಸ್ತಿ ಆದ್ರೆ ಗಿಡ ಸುಡತ್ತೆ, ಕಮ್ಮಿ ಆದ್ರೆ ಹುಳಿ ಇಳಿಯಲ್ಲ. ಇವರು ತಕ್ಕಡೀಲಿ ತೂಗಿದ ಹಾಗೆ ಹಾಕಿದಾರೆ. ಮೇಲೆ ಒಳ್ಳೇ ಎರೆಗೊಬ್ಬರ ಬೇರೆ. ಎಲ್ಲಾ ನಂಬರೂ ಸರಿಯಾಗಿದೆ. ಇಂಥ ಕೈಗುಣ ನಾನು ನೋಡಿಲ್ಲ ಸಾರ್!"

ಬೀದಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೇಷ್ಟ್ರು.

"ಮೇಡಂ, ಇನ್ನೊಂದ್ಸಲ... ಬೇರೆ ಮಣ್ಣು ತಂದುಕೊಡ್ಲಾ? ಈಗ್ಲೇ ಓಡಿ..."

"ಅಯ್ಯೋ, ಎಷ್ಟು ವಿನಯ! ಬೇಡ ಸಾರ್, ನಾವು ಹೊರಟ್ವಿ. ನಾಳೆ ಬೇರೆ ಊರು." ವ್ಯಾನಿನ ಬಾಗಿಲು ಮುಚ್ಚಿತು.

ದಾರಿಯಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು. "ಸುಣ್ಣ ಯಾವಾಗ ಹಾಕಿದ್ರಿ?"

ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ನಿನಗೆ ಮೋಸ ಮಾಡೋಕೆ ಅಂತ ಯಾವ ಗಂಡ ಹೇಳಿಯಾನು? "ಮೊದ್ಲೇ ಯಾವಾಗ್ಲೋ" ಎಂದ.

"ಗೊಬ್ಬರ ಸರಿ, ಸುಣ್ಣ ಸರಿ, ಮಣ್ಣು ಬೀದೀಗೇ ಫಸ್ಟು. ಆದ್ರೂ ಹನ್ನೊಂದು ಗಿಡ ಹೋಯ್ತಲ್ಲ ರೀ" ಎಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು. ಅದೇ ಹೆಚ್ಚು ಚುಚ್ಚಿತು.

ಮನೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಎರಡು ಬಕೆಟ್ ಹಿಡಿದು ಹಿತ್ತಲಲ್ಲಿ ಹಾಜರಿದ್ದರು. "ನಾಳೆ ಸಿಮೆಂಟ್ ಬೀಳತ್ತಂತಲ್ಲ, ವ್ಯಾನಿನ ಹತ್ರ ನಿನ್ನ ಹೆಂಡತಿ ಹೇಳಿದ್ಲು. ಇಂಥ ರ‍್ಯಾಂಕ್ ಬಂದ ಮಣ್ಣನ್ನ ಜೀವಂತ ಸಮಾಧಿ ಮಾಡೋಕಾಗತ್ತಾ? ನಾವೆಲ್ಲ ಹಂಚ್ಕೋತೀವಿ ಕಣಯ್ಯ." ನರ್ಸಕ್ಕ ಪ್ಲಾಸ್ಟಿಕ್ ತೊಟ್ಟಿ ತಂದಳು. ಮಿಕ್ಕ ಮೂರು ಮನೆಯವರು ಗೋಣಿಚೀಲ ತಂದರು. ಆ ಮಣ್ಣು ಅವರವರ ಮನೆಯ ಮಣ್ಣಿನಷ್ಟೇ ಹುಳಿ ಎಂದು ಗೊತ್ತಿದ್ದ ಏಕೈಕ ಮನುಷ್ಯ ಪಕ್ಕದಲ್ಲಿ ನಿಂತು, ಒಬ್ಬೊಬ್ಬರಿಗೂ ಬಕೆಟ್ ಎತ್ತಿಕೊಟ್ಟ. ಇನ್ನು ಒಂದೇ ತಿಂಗಳಲ್ಲಿ ಐದೂ ಮನೆಯವರು ಸತ್ತ ಗಿಡ ಹಿಡಿದು ತನ್ನ ಬಾಗಿಲಿಗೆ ಬರುತ್ತಾರೆ ಎಂಬುದು ಕನ್ನಡಕವಿಲ್ಲದೆಯೇ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಎಲ್ಲರೂ ಹೋದ ಮೇಲೆ, ಗುಂಡಿಬಿದ್ದ ಹಿತ್ತಲಿನ ಅಂಚಿನಲ್ಲಿ ಕೂತಿದ್ದವನ ಪಕ್ಕ ಹೆಂಡತಿ ಬಂದು ಒಂದು ಕುಂಡ ಇಟ್ಟಳು. ಅವರಿಗೆಲ್ಲ ಸಿಗುವ ಮುಂಚೆಯೇ ಅದೇ ಮಣ್ಣು ಕಂಠಮಟ್ಟ ತುಂಬಿಸಿಟ್ಟಿದ್ದಳು.

"ಇದು ನಿಮಗೆ. ಪೂರ್ತಿ ಕಿತ್ಕೊಂಡೆ ಅಂತ ಅಂದ್ಕೋಬೇಡಿ. ಒಳ್ಳೇ ಮಣ್ಣು, ಒಂದು ಗಿಡ ನೆಡಿ." ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟಳು. "ಇದೂ ಸತ್ರೆ ಬೇಜಾರು ಮಾಡ್ಕೋಬೇಡಿ ರೀ. ಪ್ಲಾಸ್ಟಿಕ್ ಗಿಡ ತಂದುಕೊಡ್ತೀನಿ."