ಪಿಸ್ತೂಲು ಹಿಡಿದ ಮಂಗಳಾರತಿ ಕೈ

ಹೇಮಾವತಿ ದಂಡೆಯ ನರಸಿಂಹಸ್ವಾಮಿಗೆ ಮೊದಲು ಅಡ್ಡಬಿದ್ದು ಶುರುಮಾಡುತ್ತೇನೆ. ಖಾಕಿ ತೊಟ್ಟವರಿಗೆ ಫಜೀತಿ ತಪ್ಪಿದ್ದಲ್ಲ. ನನ್ನಂಥ ಪೂಜೆ-ಪುನಸ್ಕಾರದವನನ್ನಂತೂ ಅದು ಹುಡುಕಿಕೊಂಡೇ ಬರುತ್ತದೆ.

ಲಾಠಿ, ಪೆನ್ನು ಹಿಡಿದೇ ಸರ್ವಿಸ್ ಸವೆಸಿದವನು ನಾನು. ಎಎಸ್‌ಐ ಆದದ್ದೇ ಪಿಸ್ತೂಲಿನ ಪರೀಕ್ಷೆ ಬಂತು. ಮೊದಲ ಸಲ ಫೇಲಾದೆ. ಇನ್ನೊಂದು ಸಲ ಫೇಲಾದರೆ ಒಂದು ತಿಂಗಳು ತರಬೇತಿ ಶಿಬಿರ, ರಜೆ ಗಿಜೆ ಇಲ್ಲ. ಮಗಳ ಧಾರೆ ಅದೇ ತಿಂಗಳು! ಅನ್ನ ಸೇರದು, ನಿದ್ದೆ ಹತ್ತದು, ಕೂತಲ್ಲಿ ಕೂರಲಾಗದು.

೧. ಕಂಬ

ಹಾಸನದ ಹೊರಗಿನ ಮೈದಾನದಲ್ಲಿ ಪಿಸ್ತೂಲು ಕಲಿಸುವವನು ಹಿರೀಸಾವೆ ಕಡೆಯ ಹುಡುಗ. ಎಲ್ಲರೂ ಅವನನ್ನು ಉಸ್ತಾದ್ ಅಂತಲೇ ಕರೆಯುವುದು. ನಾನು ಗುರಿ ಹಿಡಿದು, ಸ್ವಾಮಿಯನ್ನು ನೆನೆದು, ಗುಂಡು ಹಾರಿಸಿದೆ. ಗುರಿಯ ಬೋರ್ಡು ತೂತಾಗದೆ ಹಾಗೇ ಇತ್ತು.

"ಸ್ವಾಮೇರಾ, ಕಣ್ಣು ಯಾಕ್ ಮುಚ್ಚುದ್ರಿ?"

"ನರಸಿಂಹಾ ಅಂದೆನಪ್ಪಾ. ಕಣ್ಣು ತಾನೇ ಮುಚ್ಕೊಳ್ತು."

ಅವನು ನಡೆದುಹೋಗಿ, ಬೋರ್ಡು ನಿಲ್ಲಿಸಿದ್ದ ಮರದ ಕಂಬ ತಡವಿ ನೋಡಿದ. ಗುಂಡು ಅಲ್ಲಿ ಹೊಕ್ಕಿತ್ತು.

"ಕಂಬಕ್ಕೆ ಒಡುದ್ರೆ ನರಸಿಂಹ ಬಂದ್ಬುಡ್ತಾನೆ ಸಾ, ಮಾರ್ಕು ಬರಲ್ಲ!"

೨. ಗಂಟೆ

ನಮ್ಮ ಠಾಣೆಯ ಶುಕ್ರವಾರದ ಪೂಜೆ ಬಹಳ ಕಾಲದಿಂದ ನನ್ನದೇ. ಅದರ ಫಲ ಮೈದಾನದಲ್ಲಿ ಕಂಡಿತು. ಪಿಸ್ತೂಲು ಹಿಡಿದು ಬಲಗೈ ಚಾಚಿದ ಕೂಡಲೇ ಅದು ಎಡದಿಂದ ಬಲಕ್ಕೆ ಮೆಲ್ಲಗೆ ಸುತ್ತತೊಡಗಿತು. ನಿಲ್ಲಿಸೋಣವೆಂದರೆ, ಕೆಳಗೆ ಎಡಗೈ ಅದರ ಪಾಡಿಗೆ ಅಲ್ಲಾಡುತ್ತಿದೆ.

ಉಸ್ತಾದ್ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಬಲಗೈಲಿ ಮಂಗಳಾರತಿ, ಎಡಗೈಲಿ ಗಂಟೆ! ಎಡಗೈನ ಬೆಲ್ಟಿಗೆ ಸಿಕ್ಸ್ಕಳಿ ಸಾ. ಅರ್ಧ ಉಸ್ರು ಬುಟ್ಟು ಅಂಗೇ ತಡೀರಿ. ಬೋರ್ಡು ಮಸುಕಾದ್ರೂ ಆಗ್ಲಿ, ಪಿಸ್ತೂಲ್ ತುದೀಲಿರೋ ಗುರಿ ಮುಳ್ಳು ನಿಚ್ಚಳವಾಗಿ ಕಾಣ್ಬೇಕು. ಟ್ರಿಗರ್ ಜಗ್ಬ್ಯಾಡಿ, ಹಾಲು ಕರ್ದಂಗೆ ಅದುಮಿ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ತೀರ್ಥ ಯಾವಾಗ್ ಕೊಡ್ತೀರಾ ಸಾ?"

೩. ಬೀಗರು

ಪಿಸ್ತೂಲನ್ನು ಮನೆಗೆ ತರುವಂತಿಲ್ಲ. ತೂಕಕ್ಕೆ ಇಸ್ತ್ರಿ ಪೆಟ್ಟಿಗೆ ಹಿಡಿದೆ. ಬಾಗಿಲ ಪಕ್ಕದ ಗೋಡೆಗೆ ಕುಂಕುಮದ ಬೊಟ್ಟು ಇಟ್ಟು, ಒಂದು ಕಣ್ಣು ಮುಚ್ಚಿ, ಉಸಿರು ತಡೆದು ನಿಂತೆ. ಅದೇ ಹೊತ್ತಿಗೆ ಅರಕಲಗೂಡಿನ ಬೀಗರು ಒಳಗೆ ಕಾಲಿಟ್ಟು, ಸರಿಯಾಗಿ ಬೊಟ್ಟಿನ ಮುಂದೆಯೇ ನಿಂತರು.

"ನಮ್ಮಿಂದ ಏನಾರ ತಪ್ಪಾಯ್ತಾ ಬೀಗ್ರೇ?"

ಕಟ್ಟಿದ ಉಸಿರು ಬಿಡದೆ ನಾನು ಪೆಟ್ಟಿಗೆಯನ್ನು ಇನ್ನೂ ನೆಟ್ಟಗೆ ಚಾಚಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಕುಂತ್ಕಳಿ ಅಣ್ಣಾ, ಅವರ್ದು ಇನ್ನೊಂದು ಗುಂಡು ಬಾಕಿ ಐತೆ!"

ಬೀಗರು ಎರಡೂ ಕೈ ಮೇಲೆತ್ತಿದರು. "ಸೂಟು, ಉಂಗ್ರ ಏನೂ ಬ್ಯಾಡ ಬೀಗ್ರೇ. ಮಗ್ಳನ್ನ ಕೊಡಿ, ಅಷ್ಟೇ ಸಾಕು."

೪. ಗುರಿ

ಪರೀಕ್ಷೆಯ ದಿನ ಸ್ವಾಮಿಗೆ ಹೇಳುವುದನ್ನೆಲ್ಲ ಪಿಸ್ತೂಲು ಎತ್ತುವ ಮೊದಲೇ ಹೇಳಿ ಮುಗಿಸಿದೆ. ಎಡಗೈ ಬೆಲ್ಟಿನಲ್ಲಿ, ಕಣ್ಣು ಮುಳ್ಳಿನ ಮೇಲೆ. ಕಂಬಕ್ಕೆ ಒಂದೂ ತಾಗಲಿಲ್ಲ. ಪಾಸಾದೆ! ಸುದ್ದಿ ಕೇಳಿದ ನಮ್ಮ ಠಾಣೆಯ ಸಾಹೇಬರು, "ನಾಳೆ ಶುಕ್ರವಾರ. ಮಂಗಳಾರತಿ ತಗೊಂಡೇ ನಿಮ್ಮ ರಜೆಗೆ ಸಹಿ ಹಾಕ್ತೀನಿ" ಅಂದರು.

ಶುಕ್ರವಾರ ಪ್ರಸಾದಕ್ಕೆ ಉಸ್ತಾದ್‌ನನ್ನೂ ಕರೆದಿದ್ದೆ. ಇಡೀ ಠಾಣೆ ಕೈಮುಗಿದು ನಿಂತಿತ್ತು. ನಾನು ಕರ್ಪೂರ ಹಚ್ಚಿ ತಟ್ಟೆ ಎತ್ತಿದೆ. ಎತ್ತಿದ್ದೇ ತಡ, ಎಡಗೈ ಗಂಟೆ ಬಿಟ್ಟು ಬೆಲ್ಟಿಗೆ ಹೋಯಿತು. ಕಣ್ಣು ಉರಿಯ ತುದಿಯಲ್ಲಿ ನಿಂತಿತು, ಹಿಂದಿನ ದೇವರು ಮಸುಕಾದ, ಅರ್ಧ ಉಸಿರು ಹೋಗಿ ಉಳಿದರ್ಧ ನಿಂತಿತು. ಕೈ ಕಲ್ಲು! ತಟ್ಟೆ ಅತ್ತಿತ್ತ ಅಲುಗದು. ಕರ್ಪೂರ ಕರಗುತ್ತಿದೆ.

"ಏನ್ರೀ, ಯಾಕೆ ನಿಂತ್ಬಿಟ್ರಿ?" ಸಾಹೇಬರು ಪಿಸುಗುಟ್ಟಿದರು. ಒಳಗೆ ನಾನು ಚಡಪಡಿಸುತ್ತಿದ್ದೆ, ಕೈ ಮಾತ್ರ ಕೇಳದು.

ಆಗ ಬಾಗಿಲ ಬಳಿಯಿಂದ ಉಸ್ತಾದ್ ಅರಚಿದ: "ಸ್ವಾಮೇರಾ, ಗುರಿ ಸಾಕು! ದೇವ್ರು ಎಲ್ಲೂ ಓಡೋಗಲ್ಲ, ತಿರುಗ್ಸಿ!"

ತಟ್ಟೆ ಸುತ್ತಿತು. ಸಾಹೇಬರು ನಕ್ಕ ನಗೆಗೆ ರಜೆ ಚೀಟಿಯ ಮೇಲೆ ಅವರ ಸಹಿ ಕೋಳಿಕಾಲಾಯಿತು. ರಜೆ ಮಾತ್ರ ನೆಟ್ಟಗೆ ಬಂತು.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆಯ ದೀಪ ಅಲುಗದೆ ಉರಿಯಲಿ, ನಿಮ್ಮ ಮಕ್ಕಳ ಧಾರೆಗೆ ನಿಮಗೂ ರಜೆ ಸಿಗಲಿ. ಕಂಬದಲ್ಲಿರುವ ಸ್ವಾಮಿ ಕಾಪಾಡಲಿ.