ಕೆರೆಗೆ ಮೈಲುತುತ್ತು ಕುಡಿಸಿದ ಬಗ್ಗೆ ನೀರುಚಿಗಟರಲ್ಲಿ ದೂರು

ತಿಕೋಟಾ ಬಳಿಯ ನಮ್ಮೂರ ಕೆರೆಯ ನಡುನೀರಿನಲ್ಲಿ ತಲೆಮಾರುಗಳಿಂದ ವಾಸವಾಗಿರುವ, ಎಳ್ಳಿಗಿಂತ ಸಣ್ಣ ದೇಹದ, ಆದರೆ ನಮ್ಮ ಕೆರೆ ಸುಧಾರಣಾ ಸಮಿತಿಯ ಅಷ್ಟೂ ಸದಸ್ಯರಿಗಿಂತ ಹೆಚ್ಚು ಕೆಲಸ ಮಾಡುವ ಮಾನ್ಯ ನೀರುಚಿಗಟರೇ,

ತಮಗೂ ತಮ್ಮ ಬಂಧುಬಳಗಕ್ಕೂ, ಅಂದರೆ ಅದರಲ್ಲಿ ಬದುಕಿ ಉಳಿದವರಿಗೆ, ಸಾದರ ನಮಸ್ಕಾರಗಳು. ನಾನು ವಿಜಯಲಕ್ಷ್ಮೀ, ಸದರಿ ಸಮಿತಿಯ ಅಧ್ಯಕ್ಷರಾದ ಸಂಗನಬಸವ ಅವರ ಧರ್ಮಪತ್ನಿ. ವಿಜಯಪುರದಲ್ಲಿ ಬಿ.ಎಸ್ಸಿ. ಓದಿದವಳು, ಆ ಓದು ಇಷ್ಟು ವರ್ಷ ಒಣದ್ರಾಕ್ಷಿಯ ತೊಟ್ಟು ಬಿಡಿಸುವುದಕ್ಕೆ ಉಪಯೋಗವಾಗಿ, ಈಗ ತಮಗೆ ಪತ್ರ ಬರೆಯುವುದಕ್ಕೆ ಉಪಯೋಗವಾಗುತ್ತಿದೆ.

ನನ್ನ ದೂರು ಏನೆಂದರೆ, ತಾವು ಮಾಡುವ ಕೆಲಸವನ್ನು ಯಾರಿಗೂ ತೋರಿಸಿಕೊಳ್ಳುವುದಿಲ್ಲ. ದಂಡೆಯ ಆಪುಹುಲ್ಲಿನ ಬುಡದಲ್ಲಿ ಕಪ್ಪೆಯೂ ಬಸವನಹುಳವೂ ಸಂಸಾರ ಹೂಡಿರುವುದು ನಮ್ಮೂರವರಿಗೆ ಕಾಣುತ್ತದೆ. ಮೇಲೆ ಮಿಂಚುಳ್ಳಿ ಹಾರಾಡುವುದೂ ಕಾಣುತ್ತದೆ. ತಾವು ಮಾತ್ರ ಬಿಸಿಲೇರಿದರೆ ಆಳಕ್ಕಿಳಿದು, ಕತ್ತಲಾದಾಗ ಮೇಲೆ ಬಂದು ಪಾಚಿ ಮೇಯ್ದು, ಬೆಳಗಾಗುವುದರೊಳಗೆ ಮತ್ತೆ ಮಾಯ. ತಮ್ಮನ್ನು ಮೀನುಮರಿ ತಿನ್ನುತ್ತದೆ, ಮೀನನ್ನು ಮಿಂಚುಳ್ಳಿ ತಿನ್ನುತ್ತದೆ, ಸತ್ತದ್ದೆಲ್ಲ ತಳದ ಕೆಸರಿನಲ್ಲಿ ಕೊಳೆತು ಮತ್ತೆ ಪಾಚಿಗೆ ಗೊಬ್ಬರವಾಗುತ್ತದೆ. ಇಷ್ಟು ದೊಡ್ಡ ಕಾರಭಾರದ ನಡುವೆ ಇರುವವರು ತಮ್ಮ ಹೆಸರಿನ ಒಂದು ಫಲಕವನ್ನಾದರೂ ಹಾಕಿಸಿಕೊಳ್ಳಬಾರದೇ?

ಈ ಸಲ ದ್ರಾಕ್ಷಿ ತೋಟಗಳ ಗೊಬ್ಬರವೆಲ್ಲ ಮಳೆಗೆ ತೊಳೆದು ಕೆರೆಗಿಳಿದು, ತಾವು ಎಷ್ಟು ಮೇಯ್ದರೂ ಮುಗಿಯದಷ್ಟು ಪಾಚಿ ಬೆಳೆಯಿತು. ನೀರು ಹಸಿರಾದದ್ದನ್ನು ಕಂಡ ಸಮಿತಿಯವರು, ಎಲ್ಲರೂ ದ್ರಾಕ್ಷಿ ಬೆಳೆಗಾರರೇ ಆದ್ದರಿಂದ, ಕೆರೆಗೂ ಬಳ್ಳಿಯ ರೋಗವೇ ಬಂದಿದೆಯೆಂದು ನಿರ್ಧರಿಸಿ, ಬಳ್ಳಿಗೆ ಹೊಡೆಯುವ ಮೈಲುತುತ್ತನ್ನು ಚೀಲಗಟ್ಟಲೆ ತಂದು ಸುರಿದರು. ಎಂಥ ವೈದ್ಯರು! ನೀರು ಬಲುಬೇಗ ತಿಳಿಯಾಯಿತು. ಪೇಢೆ ಹಂಚಿದರು, ಫೋಟೊ ತೆಗೆಸಿಕೊಂಡರು. ಆಮೇಲೆ ಸತ್ತ ಪಾಚಿ ತಳಕ್ಕಿಳಿದು ಕೊಳೆತು, ನೀರಿನಲ್ಲಿದ್ದ ಉಸಿರನ್ನೆಲ್ಲ ಹೀರಿಕೊಂಡಿತು. ಆ ಕೆರೆಯಲ್ಲಿ ಮೀನು ಸಾಕಿಯೇ ಹೊಟ್ಟೆ ಹೊರೆಯುವ ಭಾಗಪ್ಪನ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. "ಅಕ್ಕಾರ, ಇವಕ್ಕ ಯಾವ ರೋಗ ಇತ್ತಂತ ಔಷಧ ಕುಡಿಸ್ಯಾರ್ರಿ?" ಎಂದು ಅವನು ಕೇಳಿದಾಗ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಈಗ ಪಾಚಿ ಮತ್ತೆ ಚಿಗುರಿದೆ, ಏಕೆಂದರೆ ಅದನ್ನು ಮೇಯುವ ತಮ್ಮವರಲ್ಲಿ ಬಹಳಷ್ಟು ಮಂದಿ ಮೈಲುತುತ್ತಿಗೆ ಬಲಿಯಾಗಿದ್ದಾರೆ. ಸಮಿತಿ ಬರುವ ಸೋಮವಾರ ಎರಡನೆಯ ಸಲ ಔಷಧ ಹಾಕಲಿದೆ. ನಾನು ತಮ್ಮ ವಿಷಯ ತೆಗೆದರೆ ಅಧ್ಯಕ್ಷರು, "ಕಣ್ಣಿಗೆ ಕಾಣಲಾರದ ಹುಳ ಕೆರಿ ತೊಳೀತೈತೇನ ಬೇ? ಸುಮ್ನ ರೊಟ್ಟಿ ಬಡಿ" ಎಂದು ಅಪ್ಪಣೆ ಕೊಡಿಸುತ್ತಾರೆ. ಆದಕಾರಣ ತಾವು ದಯಮಾಡಿ ಅಂದು ಹಾಡುಹಗಲೇ ಮೇಲೆ ಬಂದು, ಎಮ್ಮೆಯಷ್ಟಲ್ಲದಿದ್ದರೂ ಬೆಕ್ಕಿನಷ್ಟಾದರೂ ಬೆಳೆದು, ಸಾಲಾಗಿ ನಿಂತು ಸಮಿತಿಗೆ ಮುಖ ತೋರಿಸಬೇಕಾಗಿ ಕೈಮುಗಿದು ಕೇಳುತ್ತೇನೆ. ಭಾಗಪ್ಪನಿಗೆ ಉಳಿದಿರುವುದು ಕೆಲವೇ ಮೀನುಮರಿಗಳು. ಅವೂ ಹೋದರೆ ಅವನು ಬಲೆ ಮಡಚಿಟ್ಟು ಊರು ಬಿಡುತ್ತಾನೆ.

ಉತ್ತರ ಬರುವುದಿಲ್ಲವೆಂದು ತಿಳಿದೂ ಕಾಯುತ್ತಿರುವ,
ತಮ್ಮ ವಿಶ್ವಾಸಿ
ವಿಜಯಲಕ್ಷ್ಮೀ

ವಿ.ಸೂ.: ಅಷ್ಟು ಬೇಗ ಬೆಳೆಯಲಾಗದಿದ್ದರೆ ಸಂಕೋಚ ಬೇಡ. ಸೋಮವಾರದ ಮೈಲುತುತ್ತಿನ ಚೀಲಗಳು ನಮ್ಮ ಮನೆಯ ಕೋಣೆಯಲ್ಲೇ ಇವೆ, ಕೋಣೆಯ ಕೀಲಿ ನನ್ನ ಜೊತೆ ತವರೂರು ಜೈನಾಪುರಕ್ಕೆ ಬಂದಿದೆ. ಅಧ್ಯಕ್ಷರು ನನ್ನನ್ನು ಕರೆಯಲು ಬಂದರೆ, ಸೋಮವಾರ ಕಳೆದ ಮೇಲೆ ಹೊರಡುತ್ತೇನೆ. ಕೀಲಿ ಕೇಳಲು ಬಂದರೆ ಹೊಟ್ಟೆ ತುಂಬ ಉಣಬಡಿಸಿ, ಬುತ್ತಿ ಕಟ್ಟಿಕೊಟ್ಟು, ಒಬ್ಬರನ್ನೇ ಬಸ್ಸು ಹತ್ತಿಸುತ್ತೇನೆ.