ಬಂದೂಕಿಗೆ ಕುಂಕುಮ ಹಚ್ಚಿದ ಕಾಕಾ

ಮೊಟ್ಟೆ ಬಿದ್ದಿರಬಹುದೆಂಬ ಗುಮಾನಿಯ ಮೇಲೆ ಹುಟ್ಟುಹಬ್ಬದ ಕೇಕನ್ನೂ ಮುಟ್ಟದ ನಮ್ಮ ಕಾಕಾ ಲಂಡನ್ನಿನ ಒಂದು ಬೇಟೆಗಾರರ ಕ್ಲಬ್ಬಿನ ಸದಸ್ಯರಾಗಿದ್ದರು! ಹೆಸರಿಗಷ್ಟೇ ಅಂದುಕೊಳ್ಳಬೇಡಿ. ವರ್ಷ ವರ್ಷ ಚಂದಾ ಕಟ್ಟುವ, ಮೀಟಿಂಗಿನಲ್ಲಿ ಮುಂದಿನ ಕುರ್ಚಿಯನ್ನೇ ಹಿಡಿಯುವ ಸದಸ್ಯರು. ಬಂದೂಕು ಇತ್ತೆ? ಎಲ್ಲಿಯ ಬಂದೂಕು! ಜೀವಮಾನದಲ್ಲಿ ಒಂದು ಸೊಳ್ಳೆಯನ್ನಾದರೂ ಹೊಡೆದಿದ್ದರೆ? ಅದನ್ನು ಅವರ ಹೆಂಡತಿ, ನಮ್ಮ ಕಾಕೂನ ಕೇಳಬೇಕು. "ಸೊಳ್ಳಿ ಕಡಿದ್ರ ಹೊಡೀಲಿಕ್ಕೆ ನನ್ನ ಕರೀತಾರ" ಎನ್ನುತ್ತಿದ್ದರು ಆಕೆ.

ಇದೆಲ್ಲ ಶುರುವಾದದ್ದೂ ಕಾಕೂನಿಂದಲೇ. ತೊಂಬತ್ತರ ದಶಕದ ಆರಂಭದಲ್ಲಿ ಗದಗಿನ ಕಡೆಯಿಂದ ಲಂಡನ್ನಿನ ಟೂಟಿಂಗಿನ ಫ್ಲಾಟಿಗೆ ಬಂದವರು ಮಂಕಾಗಿಬಿಟ್ಟಿದ್ದರು. ಟೂಟಿಂಗಿನಲ್ಲಿ ದೋಸೆ ಸಿಗುತ್ತಿತ್ತು, ಕರಿಬೇವು ಸಿಗುತ್ತಿತ್ತು, ಕಾಕೂನ ನಗು ಮಾತ್ರ ಸಿಗುತ್ತಿರಲಿಲ್ಲ. ಚಳಿಗಾಲದ ಒಂದು ಭಾನುವಾರ ಕಾಕಾ ಆಕೆಯನ್ನು ಸುತ್ತಾಡಿಸಲು ಹೊರಟು, ತಪ್ಪು ಬಸ್ಸು ಹತ್ತಿ, ಊರಿನ ಪೂರ್ವದ ಅಂಚಿನಲ್ಲಿ ಥೇಮ್ಸ್ ಬದಿಯ ಜವುಗಿಗೆ ಬಂದು ಇಳಿದರು. ಅಲ್ಲಿ ನೀರಿನ ತುಂಬ ಸೂಜಿಬಾಲದ ಬಾತುಗಳು! ಕಾಕೂ ಚಪ್ಪಾಳೆ ತಟ್ಟಿ, "ಅಯ್ಯ, ನಮ್ಮೂರ ಕೆರೀಗೆ ಬರೋ ಹಕ್ಕಿ! ಇವೂ ಇಲ್ಲಿಗೆ ಬಂದಾವಲ್ರೀ!" ಎಂದು ನಕ್ಕರಂತೆ. ಇಂಗ್ಲೆಂಡಿಗೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು. ಅಂದಿನಿಂದ ಚಳಿಗಾಲದ ಭಾನುವಾರಗಳೆಲ್ಲ ಆ ಜವುಗಿಗೇ ಮೀಸಲಾದವು.

ಅಷ್ಟರಲ್ಲಿ ಜವುಗನ್ನು ಮುಚ್ಚಿ ಲಾರಿ ನಿಲ್ಲಿಸುವ ಜಾಗ ಮಾಡುತ್ತಾರೆಂಬ ಸುದ್ದಿ ಬಂತು. ಕಾಕೂ ಎರಡು ಹೊತ್ತು ಊಟ ಬಿಟ್ಟರು. ಕಾಕಾ ವಿಚಾರಿಸಿದರೆ, ಅದನ್ನು ತಡೆಯಲು ಓಡಾಡುತ್ತಿದ್ದವರು ಯಾರು? ಅಲ್ಲಿ ಬಾತು ಹೊಡೆಯುವ ಬೇಟೆಗಾರರು! ಜವುಗನ್ನು ಗುತ್ತಿಗೆ ಹಿಡಿದವರು ಅವರೇ, ಕಾಲುವೆಯ ಹೂಳು ತೆಗೆಸುವವರು ಅವರೇ, ಈಗ ಗುತ್ತಿಗೆ ಉಳಿಸಿಕೊಳ್ಳಲು ದುಡ್ಡು ಕೂಡಿಸುತ್ತಿದ್ದವರೂ ಅವರೇ. ಮರುದಿನವೇ ಕಾಕಾ ಹೋಗಿ ಸದಸ್ಯರಾದರು.

ಆಗಷ್ಟೇ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ್ದ ನನಗೆ ಲೋಕವೆಲ್ಲ ತಿಳಿದಿದೆ ಎಂಬ ಭ್ರಮೆ. "ಕಾಕಾ, ಹೋಗಿ ಹೋಗಿ ಕೊಲ್ಲೋರ ಕೈಗೆ ರೊಕ್ಕ ಕೊಡ್ತೀರಲ್ಲ?" ಎಂದು ಕೆಣಕಿದೆ.

"ನಿನಗ ಹಕ್ಕಿ ಮ್ಯಾಲೆ ಭಾಳ ಪ್ರೀತಿ ಅಲ್ಲೇನು? ಏನ್ ಮಾಡ್ತೀಪಾ ನೀನು? ಫೋಟೋ ತಗದು ಮನೀಗೆ ಹೋಗ್ತಿ. ಅವರು ಮೊಣಕಾಲ ಮಟ ರಾಡ್ಯಾಗ ನಿಂತು ಕೆಲಸ ಮಾಡ್ತಾರ. ನಾಳೆ ಹೊಡೀಲಿಕ್ಕೆ ಹಕ್ಕಿ ಬೇಕಂದ್ರ ಇವತ್ತು ನೀರು ಬೇಕಲ್ಲ?"

"ಆದ್ರೂ ಹೊಡೀತಾರಲ್ರೀ?"

"ಹೊಡೀತಾರ. ಅದನ್ನ ಕಮ್ಮಿ ಮಾಡಸ್ಲಿಕ್ಕೇ ನಾ ಒಳಗ ಹೊಕ್ಕೀನಿ!"

ಒಳಗೆ ಹೊಕ್ಕವರ ಆಯುಧ ಯಾವುದು ಗೊತ್ತೆ? ಮಿರ್ಚಿ ಭಜಿ! ಪ್ರತಿ ಮೀಟಿಂಗಿಗೂ ಕಾಕೂ ಕರಿದುಕೊಟ್ಟ ಡಬ್ಬಿ ಹೋಗುತ್ತಿತ್ತು. ಕಾಕೂನ ಬಾತುಗಳು ಕೂರುವ ಮೂಡಣ ಹೊಂಡದಲ್ಲಿ ಯಾರೂ ಗುಂಡು ಹಾರಿಸಬಾರದು ಎಂಬ ಸೂಚನೆಯನ್ನು ಕಾಕಾ ಮಂಡಿಸಿದ್ದು, ಎಲ್ಲರ ಬಾಯಲ್ಲೂ ಭಜಿ ಇದ್ದಾಗ. ಬಾಯಿ ಉರಿಯುವವನು ವಿರೋಧ ಮಾಡುವುದಾದರೂ ಹೇಗೆ? ಒಬ್ಬಾತ ಕೈ ಎತ್ತಿ ನೀರು ಕೇಳಿದ. ಕಾಕಾ ಆ ಕೈಯನ್ನೂ ತಮ್ಮ ಪರವಾಗಿ ಎಣಿಸಿಕೊಂಡರು. ಸೂಚನೆ ಪಾಸಾಯಿತು!

ಇಷ್ಟಕ್ಕೇ ಬಿಟ್ಟರೆ? ವೆಂಬ್ಲಿಯಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ ಸಂಕ್ರಾಂತಿಯಂದು ಎಳ್ಳು-ಬೆಲ್ಲದ ತಟ್ಟೆಯ ಪಕ್ಕದಲ್ಲೇ ಕ್ಲಬ್ಬಿನ ದೇಣಿಗೆ ಡಬ್ಬಿ ಇಟ್ಟುಬಿಟ್ಟರು. ವಿಜಾಪುರದ ವೈನಿಯೊಬ್ಬರು ಹೌಹಾರಿ, "ಹಕ್ಕಿ ಹೊಡೆಯೋರಿಗೆ ಕೊಟ್ರ ನಮಗ ಪಾಪ ಬರೂದಿಲ್ಲೇನ್ರೀ?" ಎಂದರು. ಕಾಕಾ ಕಣ್ಣು ಮಿಟುಕಿಸದೆ, "ಹೊಡದ ಪಾಪ ಅವರಿಗೆ, ಉಳಿಸಿದ ಪುಣ್ಯ ನಿಮಗ. ಮೊದಲೇ ಮಾತಾಡಿ ಹಂಚಿಕೊಂಡೀವಿ" ಎಂದರು. ವೈನಿ ಪರ್ಸು ತೆಗೆದರು. ಅಂತೂ ಇಂತೂ ಗುತ್ತಿಗೆ ಉಳಿಯಿತು, ಲಾರಿಗಳು ಬೇರೆ ಜಾಗ ನೋಡಿಕೊಂಡವು.

ಇನ್ನು ಕಾಕಾನ ಪರಾಕ್ರಮಕ್ಕೆ ಕಳಸವಿಟ್ಟದ್ದು ಖಂಡೇ ಪೂಜೆ, ಅಂದರೆ ನಿಮ್ಮ ಆಯುಧ ಪೂಜೆ. ಬೇಟೆ ಶುರುವಾಗುವ ಕಾಲಕ್ಕೇ ನಮ್ಮ ನವರಾತ್ರಿಯೂ ಬರುತ್ತದಲ್ಲ! ಮಹಾನವಮಿಯ ಬೆಳಿಗ್ಗೆ ಕಾಕಾ, ಕಾಕೂ ಇಬ್ಬರೂ ಕ್ಲಬ್ಬಿನ ಗುಡಿಸಲಿಗೆ ಹೋದರು. ಬಂದೂಕುಗಳನ್ನೆಲ್ಲ ಸಾಲಾಗಿ ಒರಗಿಸಿ ಕುಂಕುಮ ಹಚ್ಚಿ, ಹೂ ಏರಿಸಿ, ಜೀಪಿನ ಗಾಲಿಗೆ ನಿಂಬೆಹಣ್ಣು ಇಟ್ಟು, ಸಾಲದ್ದಕ್ಕೆ ಬೇಟೆನಾಯಿಯ ಹಣೆಗೂ ಒಂದು ಬೊಟ್ಟಿಟ್ಟರು. ದೊರೆಗಳಿಗೆಲ್ಲ ಪರಮಾನಂದ! ಕಾಕೂನ ಹೋಳಿಗೆ ತಿಂದು ಮೀಸೆ ಒರೆಸಿಕೊಂಡು ಬಂದೂಕು ಎತ್ತಿಕೊಳ್ಳಲು ಹೋದರೆ, ಕಾಕಾ ಬಾಗಿಲಿಗೆ ಅಡ್ಡ ನಿಂತಿದ್ದಾರೆ. "ಪೂಜೆ ಆದ ಆಯುಧಕ್ಕೆ ಇವತ್ತು ರಜೆ. ಮುಟ್ಟಿದರೆ ದೇವಿಗೆ ಸಿಟ್ಟು ಬರುತ್ತದೆ" ಎಂದರು ಇಂಗ್ಲಿಷಿನಲ್ಲಿ. ಎಲ್ಲರೂ ಕ್ಲಬ್ಬಿನ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಹೋಳಿಗೆಯ ಡಬ್ಬಿ ನೋಡಿದರು. ಅಂದಿನಿಂದ ವರ್ಷಕ್ಕೊಂದು ದಿನ ಆ ಜವುಗಿನಲ್ಲಿ ಗುಂಡಿನ ಸದ್ದಿಲ್ಲ.

ಹೀಗೇ ವರ್ಷಗಳು ಉರುಳಿದವು. ಒಂದು ಬೇಸಿಗೆಯಲ್ಲಿ ಕಾಕೂ ತೀರಿಕೊಂಡರು. ಕಾಕಾ ಜವುಗಿನ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಸತ್ತ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆ ಮಹಾನವಮಿಯಂದು ಅವರೊಬ್ಬರೇ ಇರಬಾರದೆಂದು ನಾನು ಟೂಟಿಂಗಿಗೆ ಹೋಗಿದ್ದೆ. ಸಂಜೆ ಬಾಗಿಲ ಬೆಲ್ ಆಯಿತು. ಬಾಗಿಲು ತೆಗೆದರೆ ರಾಡಿ ಬೂಟಿನಲ್ಲೇ ಅಧ್ಯಕ್ಷರು! ಪಕ್ಕದಲ್ಲಿ ನಾಯಿ, ಅದರ ಹಣೆಯ ಮೇಲೆ ಕೆಂಪು ಬೊಟ್ಟು.

"ಈ ವರ್ಷ ನಮಗೆ ಹಬ್ಬ ಇಲ್ಲ" ಎಂದರು ಕಾಕಾ.

"ಗೊತ್ತು. ಅದಕ್ಕೇ ನಾವೇ ಮಾಡಿದೆವು" ಎಂದರು ಅಧ್ಯಕ್ಷರು. "ಆ ಕೆಂಪು ಪುಡಿ ಸಿಗಲಿಲ್ಲ. ನನ್ನ ಹೆಂಡತಿಯ ಲಿಪ್‌ಸ್ಟಿಕ್ ಹಚ್ಚಿದ್ದೇವೆ, ದೇವಿ ಕ್ಷಮಿಸಲಿ. ಇವತ್ತು ಒಬ್ಬನೂ ಬಂದೂಕು ಎತ್ತಿಲ್ಲ." ಆಮೇಲೆ ಟೊಪ್ಪಿಗೆ ತೆಗೆದು ಮೆಲ್ಲಗೆ ಹೇಳಿದರು: "ಮೂಡಣ ಹೊಂಡಕ್ಕೆ ಅವರ ಬಾತುಗಳು ಬಂದಿವೆ."

ಸಾವಿನ ಮನೆಯಲ್ಲೂ ಅಳದಿದ್ದ ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಒಳಗೆ ಹೋಗಿ ಕಾಕೂನ ಶಾಲು ಹೊದ್ದು, ಮೂಲೆಯಲ್ಲಿದ್ದ ಬೂಟು ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗಿದರು.

"ಹಬ್ಬಕ್ಕ ಅಲ್ಲೋ ಮತ್ತ. ಆಕೀ ಹಕ್ಕಿ ಅಷ್ಟು ದೂರದಿಂದ ಬಂದಾವ. ಆಕೀ ಇಲ್ಲಂತ ಹೇಳಿ ಬರ್ತೀನಿ."